ಅರ್ಧ ರೇಸಿನಲ್ಲಿ ಕೆಮ್ಮುವ ಗಾಡಿ

ಮುಲುಂಡಿನ ಪಶ್ಚಿಮಕ್ಕೆ ಗುಡ್ಡಗಳ ಸಾಲು. ಪೂರ್ವಕ್ಕೆ ಖಾಡಿಯನ್ನು ದಾಟಿ ಐರೋಲಿಗೆ ಸಾಗುವ ಸೇತುವೆ. ನಡುವಿನ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರ್ಗದಲ್ಲಿ ಮುಂಜಾನೆಯಿಂದ ರಾತ್ರಿಯವರೆಗೆ ವಾಹನಗಳು ತೆವಳುತ್ತಿರುತ್ತವೆ. ಇಂಥಲ್ಲಿ ಮೋಟಾರು ಸೈಕಲಿಗೆ ಪೂರ್ತಿ ರೇಸು ಕೊಡುವ ಪ್ರಸಂಗವೇ ಅಪೂರ್ವ. ಕಾಲು ರೇಸು, ಅರ್ಧ ರೇಸಿನಲ್ಲಿಯೇ ಓಡಾಟವೆಲ್ಲ ಕಳೆಯುವುದು. ದೋಷವು ಅಲ್ಲಿಯೇ ತಲೆದೋರಿದರೆ ಸವಾರನ ಪಾಡೇನು?

ಇಲ್ಲಿಯ ಹೋಟೆಲೊಂದರಲ್ಲಿ ದುಡಿಯುವ, ಕುಂದಾಪುರದ ಕಡೆಯ ನಮ್ಮ ಮಿತ್ರರೊಬ್ಬರು ಕಚ್ಚಾ ರಸ್ತೆಗೆಂದೇ ನಿರ್ಮಿಸಿದ ಹಳೆಯ ಗಾಡಿಯೊಂದನ್ನು ಕೊಂಡರು. ಮಳೆಗಾಲದ ಹೊಂಡಗಳಿಗೆ ಅದೇ ತಕ್ಕುದೆಂದು ಅವರ ಎಣಿಕೆ. ಉಪಾಹಾರದ ಪಾರ್ಸೆಲುಗಳನ್ನು ಹೊತ್ತಿಗೆ ಸರಿಯಾಗಿ ಕಚೇರಿಗಳಿಗೆ ಮುಟ್ಟಿಸುವುದು ಅವರ ಕೆಲಸ. ಪೂರ್ತಿ ರೇಸಿನಲ್ಲಿ ಗಾಡಿ ಸರಾಗವಾಗಿ ಓಡುತ್ತಿತ್ತು. ಅರ್ಧಕ್ಕಿಂತ ಕೆಳಗೆ ಮಾತ್ರ ಮಿಸ್ಸಿಂಗ್ ಹೊಡೆಯುತ್ತಿತ್ತು. ಪ್ಲಗ್ ಬದಲಾಯಿತು, ಕಾರ್ಬುರೇಟರ್ ಬದಲಾಯಿತು. ಊರಿಗೆ ಕಳುಹಿಸಬೇಕಾಗಿದ್ದ ಹಣವೂ ಕರಗಿತು. ದೋಷವೊಂದೇ ಉಳಿಯಿತು.

ಲೆಕ್ಕದ ಪುಸ್ತಕದಲ್ಲಿ ತಪ್ಪು ಕಂಡಾಗ ನಮ್ಮ ಗುಮಾಸ್ತ ಬಂಧುಗಳು ಎಲ್ಲ ಅಂಕಿಗಳನ್ನೂ ಒಮ್ಮೆಗೇ ತಿದ್ದುವುದಿಲ್ಲ. ಯಾವ ಪುಟದಲ್ಲಿ ತಪ್ಪೆಂಬುದನ್ನು ಮೊದಲು ಗೊತ್ತುಮಾಡಿಕೊಳ್ಳುತ್ತಾರೆ. ಯಂತ್ರದ ವಿಷಯದಲ್ಲಿಯೂ ಅದೇ ಕ್ರಮ ಸಲ್ಲುತ್ತದೆ. ಹಿಡಿಯ ಮೇಲೆ ಬಿಳಿಯ ಟೇಪು ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಎಂದು ಗುರುತು ಮಾಡಬೇಕು. ವಾಹನ ಸಂಚಾರವಿಲ್ಲದ ಹೊತ್ತಿನಲ್ಲಿ ಒಂದೇ ಗೇರಿನಲ್ಲಿ ಓಡಿಸಿ, ಯಾವ ಗುರುತಿನಲ್ಲಿ ಕೆಮ್ಮುವುದೆಂದು ಬರೆದಿಟ್ಟುಕೊಳ್ಳಬೇಕು. ಕಾರ್ಬುರೇಟರಿನಲ್ಲಿ ಒಂದೊಂದು ಹಂತಕ್ಕೆ ಒಂದೊಂದು ಭಾಗ ಮುಖ್ಯವಾಗುತ್ತದೆ. ಆರಂಭದಲ್ಲಿ ಪೈಲಟ್ ಜೆಟ್. ಕಾಲಿನಿಂದ ಮುಕ್ಕಾಲಿನವರೆಗೆ ಸ್ಲೈಡಿನಿಂದ ಇಳಿಬಿದ್ದ ಸೂಜಿ. ಅದರಾಚೆಗೆ ಮೇನ್ ಜೆಟ್. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1960ರ ದಶಕದ ಆರಂಭದಿಂದ 1996ರವರೆಗೆ ಹೊರಬಂದ ಜಾವಾ, ಯೆಜ್ದಿ ಗಾಡಿಗಳದೂ ಇದೇ ತತ್ತ್ವ.

ಎರಡನೆಯ ಪ್ರಶ್ನೆ: ಪೆಟ್ರೋಲು ಹೆಚ್ಚೋ, ಗಾಳಿ ಹೆಚ್ಚೋ? ಅಡಿಗೆಮನೆಯಲ್ಲಿ ದುಡಿಯುವವರಿಗೆ ಇದು ಹೊಸದಲ್ಲ. ಗಾಳಿ ಸಾಲದೆ ಗ್ಯಾಸಿನ ಉರಿ ಹಳದಿಯಾದರೆ ಪಾತ್ರೆಯ ತಳ ಮಸಿ ಹಿಡಿಯುವುದಷ್ಟೆ. ಪ್ಲಗ್ಗಿನ ತುದಿ ಮಸಿಯಾಗಿದ್ದರೆ ಪೆಟ್ರೋಲು ಹೆಚ್ಚು. ಸುಣ್ಣದಂತೆ ಬೆಳ್ಳಗಿದ್ದರೆ ಗಾಳಿ ಹೆಚ್ಚು. ಕಂದು ಬಣ್ಣ ಆರೋಗ್ಯದ ಚಿಹ್ನೆ. ಎಂಜಿನು ಬಿಸಿಯಾದ ಮೇಲೆ, ಕೆಮ್ಮುವ ಗುರುತಿನಲ್ಲಿಯೇ ಚೋಕನ್ನು ಕೊಂಚ ಎಳೆದು ನೋಡಬಹುದು. ಓಟ ಸುಧಾರಿಸಿದರೆ ಪೆಟ್ರೋಲು ಸಾಲದೆಂದೂ, ಕೆಟ್ಟರೆ ಈಗಾಗಲೇ ಹೆಚ್ಚಾಗಿದೆಯೆಂದೂ ತಿಳಿಯಬೇಕು.

ಮಿತ್ರರ ಗಾಡಿಯ ಪ್ಲಗ್ ಬೆಳ್ಳಗಿತ್ತು. ಚೋಕ್ ಎಳೆದಾಗ ಓಟ ನೆಟ್ಟಗಾಯಿತು. ಎಲ್ಲಿಂದಲೋ ಹೆಚ್ಚಿನ ಗಾಳಿ ನುಗ್ಗುತ್ತಿತ್ತೆಂಬುದು ಖಚಿತ. ಎಂಜಿನನ್ನು ನಿಂತಲ್ಲಿಯೇ ಓಡಿಸುತ್ತ, ಕಾರ್ಬುರೇಟರನ್ನೂ ಎಂಜಿನನ್ನೂ ಕೂಡಿಸುವ ರಬ್ಬರು ಕೊಳವೆಯ ಮೇಲೆ ಸ್ವಲ್ಪ ನೀರು ಸಿಂಪಡಿಸಿದೆವು. ಕೂಡಲೇ ಎಂಜಿನಿನ ಸದ್ದು ಬದಲಾಯಿತು. ಬಿಚ್ಚಿ ಬಗ್ಗಿಸಿ ನೋಡಿದರೆ ಕೂದಲೆಳೆಯಷ್ಟು ಬಿರುಕು! ನಿಂತಲ್ಲಿ ಎಂಜಿನು ಆರುವುದನ್ನು ತಪ್ಪಿಸಲು ಗ್ಯಾರೇಜಿನವರು ಸ್ಕ್ರೂ ತಿರುಗಿಸಿ ವೇಗ ಏರಿಸಿದ್ದರಿಂದ ಮುಖ್ಯ ಸುಳಿವೇ ಮರೆಯಾಗಿತ್ತು. ಪೂರ್ತಿ ರೇಸಿನಲ್ಲಿ ಒಳಹೋಗುವ ಗಾಳಿಯೇ ಅಪಾರ. ಅದರ ಮುಂದೆ ಬಿರುಕಿನ ಗಾಳಿ ಅತ್ಯಲ್ಪ. ಆದುದರಿಂದಲೇ ಅಲ್ಲಿ ದೋಷ ಕಾಣಿಸುತ್ತಿರಲಿಲ್ಲ. ಈ ಪರೀಕ್ಷೆಗೆ ಪೆಟ್ರೋಲನ್ನಾಗಲಿ ಉರಿಯುವ ಬೇರೆ ದ್ರವವನ್ನಾಗಲಿ ಎಂದಿಗೂ ಬಳಸಲಾಗದು.

ಬಿರುಕಿಲ್ಲದಿದ್ದರೆ ಕ್ರಮವಾಗಿ ಟ್ಯಾಂಕಿನ ನೀರು, ಏರ್ ಫಿಲ್ಟರ್, ಜೆಟ್ಟಿನ ಕಸ ಇವುಗಳನ್ನು ನೋಡಬೇಕು. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಅದು ನೀರನ್ನು ಹೀರಿಕೊಳ್ಳುವಂಥದು. ಹಳೆಯ ರಬ್ಬರಿಗೂ ಹಿತವಲ್ಲ. ಸೂಜಿಯ ಕ್ಲಿಪ್ಪನ್ನು ಮುಟ್ಟುವುದು ಕಡೆಯ ಉಪಾಯ. ಕ್ಲಿಪ್ಪನ್ನು ಒಂದು ಗಾಡಿ ಕೆಳಗಿಳಿಸಿದರೆ ಸೂಜಿ ಮೇಲೇರಿ ಪೆಟ್ರೋಲು ಹೆಚ್ಚುವುದು, ಮೇಲೇರಿಸಿದರೆ ಕಡಿಮೆಯಾಗುವುದು. ಒಮ್ಮೆಗೆ ಒಂದೇ ಬದಲಾವಣೆ, ಬಳಿಕ ಮತ್ತೆ ಪರೀಕ್ಷೆ. 2020ರ ಏಪ್ರಿಲಿನಲ್ಲಿ ಬಿಎಸ್-6 ನಿಯಮ ಬಂದ ಮೇಲಿನ ಗಾಡಿಗಳಲ್ಲಿ ಬಹುಮಟ್ಟಿಗೆ ಕಾರ್ಬುರೇಟರೇ ಇಲ್ಲ. ಅವುಗಳ ಪರೀಕ್ಷೆಗೆ ಉಪಕರಣವುಳ್ಳ ಮೆಕ್ಯಾನಿಕರೇ ಬೇಕು.

ಆ ರಬ್ಬರು ತುಂಡಿನ ಬೆಲೆ, ಅದುವರೆಗೆ ಸುರಿದ ಹಣದ ಮುಂದೆ ಏನೇನೂ ಅಲ್ಲ. ಮುಂದಿನ ತಿಂಗಳು ಮಿತ್ರರ ಹಣ ಎಂದಿನಂತೆ ಊರಿಗೆ ಹೋಯಿತು. ಗ್ಯಾರೇಜಿಗೆ ಹೋಗುವ ವಾಚಕರು "ಗಾಡಿ ಸರಿಯಿಲ್ಲ" ಎಂದಷ್ಟೇ ಹೇಳದೆ, ಎಷ್ಟು ರೇಸಿನಲ್ಲಿ, ಎಂಜಿನು ತಣ್ಣಗಿರುವಾಗಲೋ ಬಿಸಿಯಾದಾಗಲೋ, ಎಂದಿನಿಂದ ಎಂಬ ಮೂರು ಸಂಗತಿಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಲಿ. ಅರ್ಧ ರಿಪೇರಿ ಅಲ್ಲಿಯೇ ಆದಂತೆ.