ಮೇಳಿ ಹಿಡಿದ ಸ್ಪ್ರಿಂಗು

ಒಂದೇ ಬೆರಳು! ಸೀಟಿನ ಬಲಗಡೆಯ ಪುಟ್ಟ ಲಿವರನ್ನು ತೋರುಬೆರಳಿನಿಂದ ಮೇಲಕ್ಕೆ ಎತ್ತಿದೆ, ಅಷ್ಟೇ. ನಾಲ್ಕು ಮಂದಿ ಏದುಸಿರು ಬಿಡುತ್ತ ಹೊತ್ತು ತಂದು ಹಿಂದೆ ಸಿಕ್ಕಿಸಿದ್ದ ಕಬ್ಬಿಣದ ನೇಗಿಲು, ಮಂಡಿಯೂರಿದ ಬಸವ ಎದ್ದ ಹಾಗೆ ಮೆಲ್ಲಗೆ ಎದ್ದು ಗಾಳಿಯಲ್ಲಿ ನಿಂತಿತು. ಇಳಿಸಿದೆ. ಎತ್ತಿದೆ. ಮತ್ತೆ ಇಳಿಸಿದೆ. ಐವತ್ತು ವರ್ಷ ಹಳೆಯ ಟ್ರಾಕ್ಟರು, ಹನ್ನೊಂದು ಮಳೆಗಾಲ ಒಂದೇ ಕಡೆ ನಿಂತು ತುಕ್ಕು ತಿಂದಿದ್ದ ಟ್ರಾಕ್ಟರು, ನನ್ನ ಬೆರಳಿನ ಮಾತು ಕೇಳುತ್ತಿದೆ! ಶೆಡ್ಡಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ನನಗೆ ಗಂಟಲು ಕಟ್ಟಿತ್ತು.

ಶೆಡ್ಡು ಇರುವುದು ಚೆನ್ನೈಯ ವಾಯವ್ಯಕ್ಕೆ, ರೆಡ್ ಹಿಲ್ಸ್ ಕೆರೆ ದಾಟಿ ಗದ್ದೆಗಳು ಇನ್ನೂ ಉಳಿದುಕೊಂಡಿರುವ ಕಡೆ. ಹಳೆಯ ಟ್ರಾಕ್ಟರುಗಳಿಗೆ ಜೀವ ಕೊಡುವ ಹುಚ್ಚಿನ ಆರೇಳು ಜನ ಭಾನುವಾರ ಬೆಳಿಗ್ಗೆ ಅಲ್ಲಿ ಸೇರುತ್ತಾರೆ. ಬ್ಯಾಂಕಿನಿಂದ ನಿವೃತ್ತರಾದವರೊಬ್ಬರು, ಕಾಲೇಜಿನಲ್ಲಿ ಪಾಠ ಹೇಳುವವರೊಬ್ಬರು, ಸಾಫ್ಟ್‌ವೇರಿನ ಇಬ್ಬರು ಹುಡುಗರು, ಜೊತೆಗೆ ಇವರೆಲ್ಲರ ಗುರುವಾದ ಮೇಸ್ತ್ರಿ. ಮೇಸ್ತ್ರಿ ತಾಳವಾಡಿಯವರು. ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ್ದರೂ ನಾಲಗೆಯ ಮೇಲೆ ಚಾಮರಾಜನಗರವೇ ಇರುವ ಊರು ಅದು. ಐನಾವರದ ನನ್ನ ನೆರೆಮನೆಯ ಗೆಳೆಯ ಒಂದು ದಿನ, “ಬನ್ನಿ ಸಾರ್, ಒಂದು ವಸ್ತು ತೋರಿಸ್ತೀನಿ” ಎಂದು ಬೈಕಿನ ಹಿಂದೆ ಕೂರಿಸಿಕೊಂಡು ಹೋದ. ಅಂದಿನಿಂದ ನನ್ನ ಭಾನುವಾರಗಳು ನನ್ನವಾಗಿ ಉಳಿದಿಲ್ಲ.

ಮೊದಲ ದಿನ ಕಂಡದ್ದು ಇದು: ಹುಣಸೆಮರದ ಕೆಳಗೆ ಬಾನೆಟ್ಟಿನ ಕೆಂಪು ಹಳೇ ಇಟ್ಟಿಗೆಯ ಬಣ್ಣಕ್ಕೆ ತಿರುಗಿದ ಒಂದು ಮ್ಯಾಸಿ ಫರ್ಗ್ಯುಸನ್ 1035. ಗೆಳೆಯ ಬಟ್ಟೆಯಿಂದ ಒರೆಸಿದಾಗ ಪುಟ್ಟ ಫಲಕವೊಂದು ಹೊಳೆಯಿತು. ಅದರ ಮೇಲೆ ‘ಮದ್ರಾಸ್’. ಚೆನ್ನೈ ಎಂದರೆ ಕಡಲು, ಕಚೇರಿ ಸಂಗೀತ, ಡಿಕಾಕ್ಷನ್ ಕಾಫಿ ಎಂದುಕೊಂಡೇ ಹದಿನೆಂಟು ವರ್ಷ ಇಲ್ಲಿ ಬದುಕಿದವನು ನಾನು. ಈ ಊರು ಟ್ರಾಕ್ಟರಿನ ತವರು ಎಂದು ಯಾರೂ ಹೇಳಿರಲಿಲ್ಲ! ಅದೂ ನಾನು ಬಸ್ಸಿನ ಕಿಟಕಿಯಿಂದ ಸಾವಿರ ಸಲ ನೋಡಿ ದಾಟಿದ ಪೆರಂಬೂರಿನ ಪಕ್ಕದ ಸೆಂಬಿಯಮ್ಮಿನಲ್ಲಿ.

ಕಥೆ ಹಿಂದಕ್ಕೆ ಹೋದಷ್ಟೂ ಬೆರಗು ಹೆಚ್ಚುತ್ತದೆ. 1840ರಲ್ಲಿ ಸಿಂಪ್ಸನ್ ಎಂಬವರು ಮದರಾಸಿನಲ್ಲಿ ಕುದುರೆಗಾಡಿ ಕಟ್ಟಲು ಶುರು ಮಾಡಿದರು. ಅದೇ ಕಂಪನಿಯ ಸ್ಯಾಮ್ಯುಯೆಲ್ ಜಾನ್ ಗ್ರೀನ್ 1903ರಲ್ಲಿ ಇಲ್ಲೇ ಉಗಿಯಿಂದ ಓಡುವ ಕಾರೊಂದನ್ನು ಕಟ್ಟಿ ಓಡಿಸಿಬಿಟ್ಟರು. ಮುಂದೆ ಎಸ್. ಅನಂತರಾಮಕೃಷ್ಣನ್ ಕೈಗೆ ಬಂದ ಆ ಕಂಪನಿ ಪರ್ಕಿನ್ಸ್ ಡೀಸೆಲ್ ಎಂಜಿನ್‌ಗಳನ್ನು ಸೆಂಬಿಯಮ್ಮಿನಲ್ಲಿ ಎರಕ ಹೊಯ್ದು ಮಾಡತೊಡಗಿತು. 1960ರಲ್ಲಿ ಅದೇ ಬಳಗದಿಂದ ಟಾಫೆ ಎಂಬ ಟ್ರಾಕ್ಟರು ಕಂಪನಿ ಹುಟ್ಟಿತು, ಮ್ಯಾಸಿ ಫರ್ಗ್ಯುಸನ್ ಟ್ರಾಕ್ಟರು ನಮ್ಮ ನೆಲದ್ದಾಯಿತು. ಕುದುರೆಗಾಡಿ ಕಟ್ಟಿದ ಮನೆಯೇ ಎತ್ತಿನ ಬದಲಿಗೆ ಎಂಜಿನ್ನನ್ನೂ ಕೊಟ್ಟಿತು! ಟಾಫೆಯ ಕಾರ್ಖಾನೆ ನಮ್ಮ ದೊಡ್ಡಬಳ್ಳಾಪುರದಲ್ಲೂ ಇದೆ. 1035 ಎಂಬ ಹೆಸರಿನ ಟ್ರಾಕ್ಟರು ಇವತ್ತಿಗೂ ಹೊಸದಾಗಿ ಅಂಗಡಿಯಲ್ಲಿ ಸಿಗುತ್ತದೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಟ್ಟಂತೆ.

ಬಣ್ಣದ ಗುಟ್ಟು ಗೊತ್ತೇ? ಬಾನೆಟ್ಟು ಕೆಂಪು, ಒಡಲು ಬೂದು ಯಾಕೆ ಎಂದು ಕೇಳಿದೆ. 1953ರಲ್ಲಿ ಕೆನಡಾದ ಮ್ಯಾಸಿ-ಹ್ಯಾರಿಸ್ ಮತ್ತು ಹ್ಯಾರಿ ಫರ್ಗ್ಯುಸನ್ನನ ಕಂಪನಿ ಒಂದಾದವು. ಮ್ಯಾಸಿಯ ಟ್ರಾಕ್ಟರು ಕೆಂಪು, ಫರ್ಗ್ಯುಸನ್ನನದು ಬೂದು. ಎರಡು ಮನೆತನದ ಬಣ್ಣವೂ ಒಂದೇ ಮೈಮೇಲೆ ಬಂದು ಕೂತಿತು. ನಾವು ಮರಳುಕಾಗದ ಹಿಡಿದು ವಾರಗಟ್ಟಲೆ ಉಜ್ಜಿದ್ದು ಒಂದು ಮದುವೆಯ ಸೀರೆಯನ್ನು!

ಈ ಹ್ಯಾರಿ ಫರ್ಗ್ಯುಸನ್ ಎಂಥವನೆಂದು ತಿಳಿದ ಮೇಲೆ ನನಗೆ ನಾಲ್ಕು ದಿನ ನಿದ್ದೆ ಬರಲಿಲ್ಲ. ಐರ್ಲೆಂಡಿನ ರೈತನ ಮಗ. 1909ರ ಡಿಸೆಂಬರ್ 31ರಂದು, ತಾನೇ ಕಟ್ಟಿದ ವಿಮಾನದಲ್ಲಿ ಹಾರಿ ಐರ್ಲೆಂಡಿನ ಮೊದಲ ವೈಮಾನಿಕನಾದವನು. ಆಕಾಶ ಕಂಡವನು ಆಮೇಲೆ ಬದುಕಿಡೀ ತಲೆ ಬಗ್ಗಿಸಿ ನೋಡಿದ್ದು ನೇಗಿಲಸಾಲನ್ನು. ಮೊದಲ ಮಹಾಯುದ್ಧದ ಕಾಲದ ಟ್ರಾಕ್ಟರುಗಳು ಭಾರಿ ಗಾತ್ರದವು. ನೇಗಿಲನ್ನು ಸರಪಳಿಯಿಂದ ಹಿಂದೆ ಕಟ್ಟಿ ಎಳೆಯುತ್ತಿದ್ದವು. ನೇಗಿಲು ಬಂಡೆಗೋ ಬೇರಿಗೋ ಸಿಕ್ಕಿಕೊಂಡರೆ ಚಕ್ರ ನಿಲ್ಲದೆ, ಟ್ರಾಕ್ಟರು ಮೂತಿ ಎತ್ತಿ ಹಿಂದಕ್ಕೆ ಮಗುಚಿ ಚಾಲಕನನ್ನೇ ಅಪ್ಪಚ್ಚಿ ಮಾಡುತ್ತಿತ್ತು. ಫರ್ಗ್ಯುಸನ್ ಮಾಡಿದ್ದೇನು? ಸರಪಳಿ ಬಿಸಾಡಿದ. ಕೆಳಗೆರಡು, ಮೇಲೊಂದು, ಹೀಗೆ ಮೂರು ತೋಳು ಕೊಟ್ಟು ನೇಗಿಲನ್ನು ಟ್ರಾಕ್ಟರಿನ ಮೈಗೇ ಸೇರಿಸಿದ. ಈಗ ನೇಗಿಲು ಗಟ್ಟಿ ನೆಲಕ್ಕೆ ತಾಗಿದರೆ ಮೇಲಿನ ತೋಳು ಟ್ರಾಕ್ಟರನ್ನು ಮುಂದಕ್ಕೆ ನೂಕಿ ಮೂತಿಯನ್ನು ಕೆಳಕ್ಕೇ ಒತ್ತುತ್ತದೆ, ಮಗುಚುವ ಮಾತೇ ಇಲ್ಲ. ಅದಕ್ಕಿಂತ ದೊಡ್ಡ ಸೋಜಿಗ, ನೇಗಿಲಿನ ಭಾರವೂ ಅದನ್ನು ನೆಲ ಕೆಳಗೆ ಸೆಳೆಯುವ ಬಲವೂ ಹಿಂದಿನ ಚಕ್ರಗಳ ಮೇಲೇ ಬಂದು ಕೂರುತ್ತವೆ. ಯಾವ ಹೊರೆ ಟ್ರಾಕ್ಟರನ್ನು ಹಿಂದಕ್ಕೆ ಜಗ್ಗಬೇಕೋ ಅದೇ ಹೊರೆ ಅದಕ್ಕೆ ಕಾಲೂರಲು ಬಲ ಕೊಡುತ್ತದೆ! ಆದ್ದರಿಂದಲೇ ಪುಟ್ಟ, ಹಗುರ ಟ್ರಾಕ್ಟರೂ ದೊಡ್ಡದರ ಕೆಲಸ ಮಾಡಬಲ್ಲದು.

ಮೇಲಿನ ತೋಳು ಟ್ರಾಕ್ಟರಿಗೆ ಸೇರುವ ಕಡೆ, ಸೀಟಿನ ಬೆನ್ನಿಗೆ, ಮೊಳಕೈ ಗಾತ್ರದ ಒಂದು ಸ್ಪ್ರಿಂಗು ಇದೆ. ಅದನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಮೇಸ್ತ್ರಿ ನನ್ನ ಅಂಗೈಯಲ್ಲಿಟ್ಟರು. ನೆಲ ಗಟ್ಟಿಯಾದಾಗ ತೋಳು ಈ ಸ್ಪ್ರಿಂಗನ್ನು ಅದುಮುತ್ತದೆ. ಸ್ಪ್ರಿಂಗು ಅದುಮಿದಷ್ಟೂ ಒಳಗಿನ ವಾಲ್ವು ಸರಿದು, ಗೇರ್‌ಬಾಕ್ಸಿನ ಎಣ್ಣೆಯಲ್ಲೇ ಮುಳುಗಿರುವ ಪುಟ್ಟ ಪಂಪು ನೇಗಿಲನ್ನು ಒಂದಿಷ್ಟು ಮೇಲೆತ್ತುತ್ತದೆ. ಹೊರೆ ಇಳಿಯಿತೋ, ನೇಗಿಲು ಮತ್ತೆ ತನ್ನ ಆಳಕ್ಕೆ. ಯಾರೂ ಏನೂ ಮುಟ್ಟಬೇಕಿಲ್ಲ. ಕಂಪ್ಯೂಟರ್ ಇಲ್ಲ, ವಿದ್ಯುತ್ತಿಲ್ಲ, ಒಂದು ಸ್ಪ್ರಿಂಗು ಮಣ್ಣನ್ನು ಓದುತ್ತದೆ!

ನಾನು ಬಾಯಿ ತೆರೆದು ಕೂತಿದ್ದಾಗ ಮೇಸ್ತ್ರಿ ಹೇಳಿದರು: “ಇದ್ರಲ್ಲಿ ಏನ್ ಹೊಸ್ತು ಸಾ? ಚಿಕ್ಕುಡ್ಗ ಇದ್ದಾಗ ನಾನೂ ಉತ್ತಿವ್ನಿ. ಎತ್ಗೆ ಭಾರ ಆದ್ರೆ ಮೇಳಿ ಹಿಡುದಿರೋ ಕೈಗೆ ಗೊತ್ತಾಯ್ತದೆ. ಒಸಿ ಸಡ್ಲ ಬುಡ್ಬೇಕು. ಆಮೇಲೆ ತಿರ್ಗಾ ಒತ್ಬೇಕು. ಈ ಸ್ಪ್ರಿಂಗೂ ಅದ್ನೇ ಮಾಡದು.”

ಅಬ್ಬಾ! ಸಾವಿರಾರು ವರ್ಷ ನಮ್ಮ ಒಕ್ಕಲಿನವರ ಅಂಗೈಯಲ್ಲಿದ್ದ ತಿಳಿವಳಿಕೆ ಅದು. ಅದನ್ನು ಫರ್ಗ್ಯುಸನ್ ಉಕ್ಕಿನ ಸುರುಳಿಯೊಳಗೆ ಸುತ್ತಿಟ್ಟ. 1938ರಲ್ಲಿ ಅಮೆರಿಕದಲ್ಲಿ ಹೆನ್ರಿ ಫೋರ್ಡ್ ಇದನ್ನು ಕಣ್ಣಾರೆ ಕಂಡು, ಕಾಗದ ಪತ್ರವಿಲ್ಲದೆ ಬರೀ ಕೈಕುಲುಕಿ ಪಾಲುದಾರನಾದ. ಫೋರ್ಡನ ಮೊಮ್ಮಗನ ಕಾಲಕ್ಕೆ ಆ ಕೈ ಬಿಟ್ಟುಹೋಗಿ, ಕೋರ್ಟಿಗೇರಿ, 1952ರಲ್ಲಿ ಫರ್ಗ್ಯುಸನ್ನನಿಗೆ 92.5 ಲಕ್ಷ ಡಾಲರ್ ಸಿಕ್ಕಿತು. ಇವತ್ತು ಜಗತ್ತಿನ ಯಾವ ಹೊಲದಲ್ಲಿ ನಿಂತು ನೋಡಿದರೂ ಟ್ರಾಕ್ಟರಿನ ಹಿಂದೆ ಆ ಮೂರು ತೋಳು ಇರುತ್ತವೆ. ಹಣಕ್ಕಿಂತ ಅದು ದೊಡ್ಡದು ಎಂದೇ ನನ್ನ ಎಣಿಕೆ.

ನಮ್ಮ 1035ರ ಅಜ್ಜ, ಫರ್ಗ್ಯುಸನ್ ಟಿಇ-20, ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ 1946ರಿಂದ 1956ರವರೆಗೆ ಐದು ಲಕ್ಷಕ್ಕೂ ಮೀರಿ ತಯಾರಾಯಿತು. ತೂಕ ಒಂದು ಟನ್ನಿನ ಆಸುಪಾಸು, ತೋಟದ ಸಾಲುಗಳ ನಡುವೆ ಸಲೀಸಾಗಿ ತಿರುಗುವ ಬೂದುಬಣ್ಣದ ಕೂಸು. ಆ ಕೂಸು ಎಲ್ಲಿಗೆ ಹೋಯಿತು ಗೊತ್ತೇ? ದಕ್ಷಿಣ ಧ್ರುವಕ್ಕೆ! ತೇನ್‌ಸಿಂಗ್ ಜೊತೆ ಎವರೆಸ್ಟ್ ಏರಿದ ಅದೇ ಎಡ್ಮಂಡ್ ಹಿಲರಿ, ಇಂಥ ಟ್ರಾಕ್ಟರುಗಳ ಚಕ್ರಕ್ಕೆ ಪಟ್ಟಿ ಸುತ್ತಿ, ಸುಮಾರು 2,000 ಕಿಲೋಮೀಟರ್ ಹಿಮದ ಮೇಲೆ ಓಡಿಸಿ 1958ರ ಜನವರಿ 4ರಂದು ಧ್ರುವ ಮುಟ್ಟಿದರು. ನೆಲದ ಮೇಲೆ ಮೋಟಾರು ವಾಹನವೊಂದು ಅಲ್ಲಿಗೆ ತಲುಪಿದ್ದು ಅದೇ ಮೊದಲು. ಹೊಲ ಉಳಲು ಹುಟ್ಟಿದ ಯಂತ್ರ! ಇನ್ನೂ ಕೇಳಿ. ಟಿಇ-20ರ ಸ್ಟ್ಯಾಂಡರ್ಡ್ ಎಂಜಿನ್ನಿನ ಮನೆತನದ್ದೇ ಸ್ಟ್ಯಾಂಡರ್ಡ್ ವ್ಯಾನ್‌ಗಾರ್ಡ್ ಕಾರಿನಲ್ಲೂ ಟ್ರಯಂಫ್ ಟಿಆರ್-2 ಎಂಬ ಸ್ಪೋರ್ಟ್ಸ್ ಕಾರಿನಲ್ಲೂ ಗುಡುಗುತ್ತಿತ್ತು. ವ್ಯಾನ್‌ಗಾರ್ಡ್ ಕಾರನ್ನು ಜೋಡಿಸುತ್ತಿದ್ದದ್ದು ಎಲ್ಲಿ? ಇದೇ ಮದರಾಸಿನಲ್ಲಿ! ಎಳೆ ಎಳೆದಷ್ಟೂ ಈ ಊರೇ ಕೈಗೆ ಬರುತ್ತಿತ್ತು.

ರಿಪೇರಿಯ ಕಥೆಗೆ ಬರುತ್ತೇನೆ. ಎಂಜಿನ್ನು ಹಿಡಿದುಕೊಂಡಿತ್ತು. ಮೂರು ಸಿಲಿಂಡರಿನ ಸಿಂಪ್ಸನ್ ಡೀಸೆಲ್, ಕೂದಲೆಳೆಯಷ್ಟೂ ಅಲುಗುತ್ತಿರಲಿಲ್ಲ. ಇಂಜೆಕ್ಟರುಗಳನ್ನು ಬಿಚ್ಚಿ ಆ ತೂತುಗಳಿಂದ ಡೀಸೆಲ್ ಮತ್ತು ಸೀಮೆಎಣ್ಣೆ ಬೆರೆಸಿ ಸುರಿದೆವು. ಹುಡುಗರು ಕಬ್ಬಿಣದ ಸರಳು ತಂದು ಫ್ಲೈವೀಲ್ ಮೀಟಲು ಹೊರಟರೆ ಮೇಸ್ತ್ರಿ ಕೈ ಹಿಡಿದರು. “ಬಲವಂತ ಬ್ಯಾಡಿ. ಕುಡೀಲಿ. ಕುಡುದ್ರೆ ತಾನೇ ಬುಟ್ಕತದೆ.” ಮೂರು ಭಾನುವಾರ ಕುಡಿಯಿತು. ನಾಲ್ಕನೆಯ ಭಾನುವಾರ ಮೆಲ್ಲಗೆ ಮೀಟಿದಾಗ ಒಳಗೆಲ್ಲೋ ‘ಕಟ್’ ಎಂದಿತು. ಒಂದು ಬೆರಳಿನಷ್ಟು ಸರಿಯಿತು! ಅಂದು ನಾವು ಪಾಯಸ ತರಿಸಿ ತಿಂದೆವು.

ಆಮೇಲೆ ಪುದುಪೇಟೆ. ಎಗ್ಮೋರಿನ ಹತ್ತಿರದ ಆ ಗಲ್ಲಿಗಳನ್ನು ನೋಡದೆ ಚೆನ್ನೈ ನೋಡಿದೆ ಎನ್ನಬೇಡಿ. ನೂರಾರು ಪುಟ್ಟ ಅಂಗಡಿಗಳು, ಒಂದರಲ್ಲಿ ಬರೀ ಗೇರು, ಒಂದರಲ್ಲಿ ಬರೀ ಲೈಟು, ಒಂದರಲ್ಲಿ ಛಾವಣಿ ಮುಟ್ಟುವ ಡೈನಮೋ ರಾಶಿ. ಮುರಿದ ತುಂಡನ್ನು ಅಂಗೈಯಲ್ಲಿಟ್ಟು ತೋರಿಸಿದರೆ ಸಾಕು, ಅಂಗಡಿಯಾತ ಯಾವ ಗಾಡಿಯದೆಂದು ಹೇಳಿ ರಾಶಿಯೊಳಗೆ ಕೈ ಹಾಕಿ ಅದರ ಜೋಡಿಯನ್ನು ಎಳೆದು ಕೊಡುತ್ತಾನೆ. ಹೊಸ ಲೈನರು, ರಿಂಗು, ಬೇರಿಂಗು ಬೇಕೆಂದರೆ ಮೌಂಟ್ ರೋಡಿನ ಪಕ್ಕದ ಜನರಲ್ ಪ್ಯಾಟರ್ಸ್ ರೋಡು.

ನನ್ನನ್ನು ಕನ್ನಡಿಗನಾಗಿ ಪುಳಕಗೊಳಿಸಿದ ಗಳಿಗೆ ಬಂದದ್ದು ಡೀಸೆಲ್ ಪಂಪು ತೊಳೆದಾಗ. ಕರಿ ಜಿಡ್ಡಿನ ಪದರ ಕರಗಿ ಅಕ್ಷರ ಮೂಡಿತು: ಮೈಕೋ, ಬೆಂಗಳೂರು! 1951ರಲ್ಲಿ ಹುಟ್ಟಿ ಆಡುಗೋಡಿಯಲ್ಲಿ ಬೆಳೆದ ನಮ್ಮ ಮೈಕೋ. ಮದರಾಸಿನ ಎಂಜಿನ್ನಿಗೆ ತುತ್ತು ಅಳೆದು ಉಣಿಸುತ್ತಿದ್ದದ್ದು ಬೆಂಗಳೂರಿನ ಕೈ. ಆ ಪಂಪಿನೊಳಗಿನ ಕಡ್ಡಿಗೂ ಅದರ ಕೊಳವೆಗೂ ನಡುವಿನ ಸಂದು ಎರಡು ಮೂರು ಮೈಕ್ರಾನ್. ನಮ್ಮ ತಲೆಗೂದಲನ್ನು ಇಪ್ಪತ್ತು ಎಳೆಯಾಗಿ ಸೀಳಿದರೆ ಒಂದು ಎಳೆ ಎಷ್ಟು ದಪ್ಪವೋ ಅಷ್ಟು! ಹನ್ನೊಂದು ವರ್ಷದ ಮಳೆ ಬಿಸಿಲು ಆ ಸಂದಿನೊಳಗೆ ಹೋಗಲಾಗಿರಲಿಲ್ಲ. ಕಡ್ಡಿ ಈಗಷ್ಟೇ ಪೆಟ್ಟಿಗೆಯಿಂದ ತೆಗೆದಂತೆ ಹೊಳೆಯುತ್ತಿತ್ತು.

ಶೆಡ್ಡಿನಲ್ಲಿ ಬೆಂಗಳೂರಿನ ಇನ್ನೊಂದು ಕೂಸೂ ಇದೆ, ಮಿತ್ಸುಬಿಷಿ ಟಿಲ್ಲರು. ಜಪಾನಿನವರ ಕೈ ಹಿಡಿದು ವಿ.ಎಸ್.ಟಿ. ಕಂಪನಿ ಬೆಂಗಳೂರಿನಲ್ಲಿ 1967ರಲ್ಲಿ ಶುರುವಾದದ್ದು ಇಂಥ ಎರಡು ಚಕ್ರದ ಕೈಟ್ರಾಕ್ಟರಿಗಾಗಿ. ಅಡಿಕೆ ತೋಟದವರಿಗೆ ಇದರ ಪರಿಚಯ ಹೇಳಬೇಕಿಲ್ಲ. ಇದಕ್ಕೆ ಸ್ಟೇರಿಂಗ್ ಇಲ್ಲ. ಎಡ ಹಿಡಿಯ ಕೆಳಗಿನ ಕ್ಲಚ್ಚು ಒತ್ತಿದರೆ ಎಡ ಚಕ್ರದ ಬಲ ಕಡಿದು ಗಾಡಿ ಎಡಕ್ಕೆ ತಿರುಗುತ್ತದೆ. ಆದರೆ ಇಳಿಜಾರಿನಲ್ಲಿ? ಎಡ ಒತ್ತಿದರೆ ಬಲಕ್ಕೆ! ಎಂಜಿನ್ನಿನ ಬಲ ಕಡಿದ ಎಡ ಚಕ್ರ ಇಳಿಜಾರಿಗೆ ಸಡಿಲಾಗಿ ಮುಂದೆ ಓಡಿಬಿಡುತ್ತದೆ, ಎಂಜಿನ್ನಿಗೆ ಕಟ್ಟಿಕೊಂಡ ಚಕ್ರ ಹಿಂದುಳಿಯುತ್ತದೆ. ಮಲೆನಾಡಿನ ಟಿಲ್ಲರ್ ಹುಡುಗರು ಇದನ್ನು ಯೋಚಿಸದೆ ಕೈಯಲ್ಲೇ ಮಾಡುತ್ತಾರೆ. ಏರಿಯ ಮೇಲಿಂದ ಇಳಿಸುವಾಗ ನನ್ನ ಕೈಗೆ ಅದು ದಕ್ಕಿದ ದಿನ ನಾನು ಹತ್ತು ವರ್ಷದ ಹುಡುಗನಾಗಿದ್ದೆ.

ಇನ್ನು ಆ ಭಾನುವಾರ. ಕೈಪಂಪು ಒತ್ತಿ ಡೀಸೆಲ್ ದಾರಿಯಿಂದ ಗಾಳಿ ತೆಗೆದೆವು. ಮೊದಲು ನೊರೆ, ಆಮೇಲೆ ಗುಳ್ಳೆ, ಕೊನೆಗೆ ಗಾಜಿನ ಕಡ್ಡಿಯಂತೆ ಅಖಂಡ ಧಾರೆ. ಮೇಸ್ತ್ರಿ ಸ್ಕ್ರೂ ಬಿಗಿದು, ರೇಡಿಯೇಟರಿಗೆ ಕುಂಕುಮವಿಟ್ಟು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಕೀಲಿ ತಿರುಗಿಸಿದೆ. ಒಂದು ಸಲ ಕೆಮ್ಮಿತು. ಎರಡನೆಯ ಸಲ ಬಿಳಿ ಹೊಗೆ. ಮೂರನೆಯ ಸಲ, ತಕಿಟ ತಕಿಟ ತಕಿಟ! ಮೂರು ಸಿಲಿಂಡರಿನ ಎಂಜಿನ್ನು ತಿಶ್ರ ನಡೆಯಲ್ಲಿ ಹಾಡುತ್ತದೆಂದು ನನಗೆ ಮೊದಲೇ ಗೊತ್ತಿರಲಿಲ್ಲ. ಹುಣಸೆಮರದ ಕಾಗೆಗಳೆಲ್ಲ ಎದ್ದು ಹಾರಿದವು. ನೇಗಿಲನ್ನು ಬೆರಳಿನಿಂದ ಎತ್ತಿ ಇಳಿಸಿದ್ದು ಆಗಲೇ.

ಹಿಂದಿನ ಗದ್ದೆಗೆ ಇಳಿಸಿದೆವು. ನೆಲ ಹದವಾಗಿತ್ತು. ನೇಗಿಲು ಮಣ್ಣನ್ನು ಅಲೆಯಂತೆ ಮಗುಚುತ್ತ ಬಂತು, ಬೆಳ್ಳಕ್ಕಿಗಳು ಎಲ್ಲಿಂದಲೋ ಬಂದು ಸಾಲಿಗೆ ಇಳಿದವು. ಬದುವಿನ ಹತ್ತಿರ, ಗಾಡಿಗಳು ಓಡಾಡಿ ಮಣ್ಣು ಗಟ್ಟಿಯಾದ ಜಾಗ. ಎಂಜಿನ್ನಿನ ದನಿ ಒಂದು ಕ್ಷಣ ತಗ್ಗಿತು. ನಾನು ಲಿವರು ಮುಟ್ಟಿರಲಿಲ್ಲ, ತಿರುಗಿ ನೋಡಿದೆ ಅಷ್ಟೇ. ನೇಗಿಲು ತಾನಾಗಿಯೇ ನಾಲ್ಕು ಬೆರಳು ಮೇಲೆದ್ದು, ಗಟ್ಟಿ ನೆಲ ದಾಟಿ, ಮತ್ತೆ ಆಳಕ್ಕೆ ಇಳಿಯಿತು.

ಬದುವಿನ ಮೇಲೆ ಮೇಸ್ತ್ರಿ ನಿಂತಿದ್ದರು. ಅವರ ಕಣ್ಣು ಸಾಲಿನ ಮೇಲಿತ್ತು. ಬಲಗೈ ಏನನ್ನೋ ಹಿಡಿದಂತೆ ಮುಷ್ಟಿ ಕಟ್ಟಿತ್ತು. ನೇಗಿಲು ಎದ್ದಾಗ ಆ ಮುಷ್ಟಿಯೂ ಗಾಳಿಯಲ್ಲಿ ನಾಲ್ಕು ಬೆರಳು ಎದ್ದು, ಇಳಿಯಿತು.