ಮಾಜಿ ಸೈನಿಕರ ಸೇವಾ ದಾಖಲೆ: ಲೋಪಗಳೂ ತಿದ್ದುಪಡಿಯ ಕ್ರಮವೂ

ಸೇನೆಯಿಂದ ನಿವೃತ್ತನಾಗುವ ಯೋಧನ ಕೈಸೇರುವ ಕಾಗದಪತ್ರಗಳಲ್ಲಿ ಡಿಸ್ಚಾರ್ಜ್ ಪುಸ್ತಕವು ಮುಖ್ಯವಾದುದು. ಭರ್ತಿಯಾದ ದಿನಾಂಕ, ಸೇವಾವಧಿ, ಹೊಂದಿದ ದರ್ಜೆ, ಪಡೆದ ಪದಕಗಳು, ಕುಟುಂಬದ ವಿವರ ಇವೆಲ್ಲವೂ ಅದರಲ್ಲಿ ಅಡಕವಾಗಿರುತ್ತವೆ. ಹದಿನೈದು ಇಪ್ಪತ್ತು ವರ್ಷಗಳ ಸೇವೆಯ ಸಾರವನ್ನು ಕೆಲವೇ ಪುಟಗಳಲ್ಲಿ ಹಿಡಿದಿಡುವ ಈ ಪುಸ್ತಕವನ್ನು ಬಹಳಷ್ಟು ಮಂದಿ ಒಮ್ಮೆ ನೋಡಿ ಪೆಟ್ಟಿಗೆಯೊಳಗೆ ಇಟ್ಟುಬಿಡುತ್ತಾರೆ. ಅದರಲ್ಲಿ ಏನು ಬಿಟ್ಟುಹೋಗಿದೆ ಎಂಬುದು ತಿಳಿದುಬರುವುದು ಅನೇಕ ವರ್ಷಗಳ ಬಳಿಕ, ಯಾವುದಾದರೊಂದು ಸೌಲಭ್ಯಕ್ಕಾಗಿ ಅರ್ಜಿ ಸಲ್ಲಿಸಿದಾಗ.

ಯುದ್ಧಭೂಮಿಯಲ್ಲಿ ಸೇವೆ ಸಲ್ಲಿಸಿದ್ದರೂ ದಾಖಲೆಯಲ್ಲಿ ಅದರ ಉಲ್ಲೇಖ ಇಲ್ಲದಿರಬಹುದು. ಪದಕ ಎದೆಯ ಮೇಲಿದ್ದರೂ ಪುಸ್ತಕದಲ್ಲಿ ನಮೂದಾಗದಿರಬಹುದು. ಗಾಯಗೊಂಡದ್ದು ಶತ್ರುವಿನ ಗುಂಡಿನಿಂದಲೇ ಆದರೂ ಅದು ಸಾಧಾರಣ ಅಪಘಾತವೆಂದು ದಾಖಲಾಗಿರಬಹುದು. ಇಂತಹ ಲೋಪ ಕೇವಲ ಗೌರವಕ್ಕೆ ಸಂಬಂಧಿಸಿದ್ದಲ್ಲ. ಪಿಂಚಣಿ, ಶೌರ್ಯ ಪ್ರಶಸ್ತಿಯ ಮಾಸಿಕ ಭತ್ಯೆ, ರಾಜ್ಯ ಸರ್ಕಾರಗಳ ನೆರವು, ಯೋಧನ ನಂತರ ಅವನ ಪತ್ನಿಗೆ ಸಲ್ಲುವ ಕುಟುಂಬ ಪಿಂಚಣಿ ಇವೆಲ್ಲವೂ ದಾಖಲೆಯನ್ನೇ ಆಧರಿಸಿವೆ. ಆದುದರಿಂದ ಲೋಪವನ್ನು ಗುರುತಿಸಿ, ಯೋಧನು ಬದುಕಿರುವಾಗಲೇ ಅದನ್ನು ಸರಿಪಡಿಸಿಕೊಳ್ಳುವುದು ಅತ್ಯವಶ್ಯಕ.

ಮೂಲ ದಾಖಲೆ ಎಲ್ಲಿರುತ್ತದೆ?

ಡಿಸ್ಚಾರ್ಜ್ ಪುಸ್ತಕವು ಯೋಧನ ಬಳಿಯಿರುವ ಸಾರಾಂಶ ಮಾತ್ರ. ಮೂಲ ದಾಖಲೆಯು ಅವನು ಸೇವೆ ಸಲ್ಲಿಸಿದ ರೆಜಿಮೆಂಟ್ ಅಥವಾ ವಿಭಾಗದ ರೆಕಾರ್ಡ್ ಕಚೇರಿಯಲ್ಲಿ ಇರುತ್ತದೆ. ಮರಾಠಾ ಲಘು ಪದಾತಿ ದಳದ ರೆಕಾರ್ಡ್ ಕಚೇರಿ ಬೆಳಗಾವಿಯಲ್ಲಿಯೂ, ಮದ್ರಾಸ್ ಎಂಜಿನಿಯರ್ ಗ್ರೂಪ್‌ನದು ಬೆಂಗಳೂರಿನಲ್ಲಿಯೂ, ಬಾಂಬೆ ಎಂಜಿನಿಯರ್ ಗ್ರೂಪ್‌ನದು ಪುಣೆಯ ಖಡ್ಕಿಯಲ್ಲಿಯೂ, ಮದ್ರಾಸ್ ರೆಜಿಮೆಂಟಿನದು ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿಯೂ ಇವೆ. ಫಿರಂಗಿ ದಳದ ದಾಖಲೆಗಳು ನಾಸಿಕ್ ರೋಡ್‌ನಲ್ಲಿ, ಸಿಗ್ನಲ್ಸ್ ವಿಭಾಗದವು ಜಬಲ್ಪುರದಲ್ಲಿ, ಇ.ಎಂ.ಇ. ವಿಭಾಗದವು ಸಿಕಂದರಾಬಾದಿನಲ್ಲಿ ಇರುತ್ತವೆ. ನೌಕಾಪಡೆಯ ನಾವಿಕರ ದಾಖಲೆಗಳನ್ನು ಮುಂಬಯಿಯ ಮಾನ್‌ಖುರ್ದ್‌ನಲ್ಲಿರುವ ನಾವಿಕರ ಬ್ಯೂರೋ, ವಾಯುಪಡೆಯ ಯೋಧರ ದಾಖಲೆಗಳನ್ನು ದೆಹಲಿಯ ಸುಬ್ರೊತೊ ಪಾರ್ಕ್‌ನಲ್ಲಿರುವ ವಾಯುಸೇನಾ ರೆಕಾರ್ಡ್ ಕಚೇರಿ ನೋಡಿಕೊಳ್ಳುತ್ತವೆ. ಸೇನಾ ಅಧಿಕಾರಿಗಳ ದಾಖಲೆಗಳು ನವದೆಹಲಿಯ ಸೇನಾ ಪ್ರಧಾನ ಕಚೇರಿಯ ವಶದಲ್ಲಿರುತ್ತವೆ.

ವಿಜಯಪುರ ಜಿಲ್ಲೆಯವನೊಬ್ಬ ಸಿಗ್ನಲ್ಸ್ ವಿಭಾಗದಲ್ಲಿ ಸೇವೆ ಸಲ್ಲಿಸಿ ನಿವೃತ್ತಿಯ ನಂತರ ಪುಣೆಯಲ್ಲಿ ನೆಲೆಸಿದ್ದರೆ, ಅವನ ದಾಖಲೆ ಜಬಲ್ಪುರದಲ್ಲಿಯೇ ಇರುತ್ತದೆ. ವಾಸಸ್ಥಳ ಬದಲಾದರೂ ರೆಕಾರ್ಡ್ ಕಚೇರಿ ಬದಲಾಗುವುದಿಲ್ಲ. ಆದರೆ ನೆರವಿಗಾಗಿ ಆತ ತವರು ಜಿಲ್ಲೆಗೆ ಹೋಗಬೇಕಾಗಿಲ್ಲ. ತಾನು ವಾಸಿಸುವ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಹೆಸರು ನೋಂದಾಯಿಸಿಕೊಂಡು ಅದರ ಮೂಲಕವೇ ಪತ್ರವ್ಯವಹಾರ ನಡೆಸಬಹುದು.

ಲೋಪ ಉಂಟಾಗುವ ಬಗೆ

ಯೋಧನ ಸೇವೆಯಲ್ಲಿ ನಡೆಯುವ ಪ್ರತಿಯೊಂದು ಮುಖ್ಯ ಸಂಗತಿಯನ್ನೂ ಅವನ ಘಟಕವು 'ಪಾರ್ಟ್ ಟೂ ಆರ್ಡರ್' ಎಂಬ ಆದೇಶದಲ್ಲಿ ಪ್ರಕಟಿಸುತ್ತದೆ. ವರ್ಗಾವಣೆ, ಬಡ್ತಿ, ವಿವಾಹ, ಮಕ್ಕಳ ಜನನ, ಗಾಯ, ಪದಕ ಇವೆಲ್ಲವೂ ಈ ಆದೇಶದ ಮೂಲಕವೇ ರೆಕಾರ್ಡ್ ಕಚೇರಿಯನ್ನು ತಲುಪಿ, 'ಶೀಟ್ ರೋಲ್' ಎಂಬ ಮೂಲ ಸೇವಾ ಪತ್ರದಲ್ಲಿ ನಮೂದಾಗುತ್ತವೆ. ಆದೇಶ ಪ್ರಕಟವಾಗದಿದ್ದರೆ ನಮೂದು ಆಗುವುದಿಲ್ಲ. ಲೋಪಗಳ ಮೂಲ ಹೆಚ್ಚಾಗಿ ಇಲ್ಲಿಯೇ ಇರುತ್ತದೆ.

ಯುದ್ಧಕಾಲದಲ್ಲಿ ಯೋಧರನ್ನು ಅವಸರದಿಂದ ಬೇರೆ ಘಟಕಗಳಿಗೆ ತಾತ್ಕಾಲಿಕವಾಗಿ ಕಳುಹಿಸುವುದುಂಟು. ಒಬ್ಬ ಚಾಲಕನ ಮೂಲ ಘಟಕವು ಶಾಂತಿ ಪ್ರದೇಶದಲ್ಲಿದ್ದು, ಅವನೊಬ್ಬನನ್ನೇ ಗಡಿಯ ಮುಂಚೂಣಿಯಲ್ಲಿದ್ದ ಘಟಕಕ್ಕೆ ಜೋಡಿಸಿರಬಹುದು. ಪದಕಕ್ಕೆ ಅರ್ಹರ ಪಟ್ಟಿಯನ್ನು ಸಿದ್ಧಪಡಿಸುವಾಗ ಮೂಲ ಘಟಕವು ಅವನನ್ನು ಮುಂಚೂಣಿಯಲ್ಲಿ ಇದ್ದವನೆಂದು ಎಣಿಸುವುದಿಲ್ಲ. ಮುಂಚೂಣಿಯ ಘಟಕವು ತನ್ನವನೆಂದು ಎಣಿಸುವುದಿಲ್ಲ. ಗಾಯಗೊಂಡು ಆಸ್ಪತ್ರೆ ಸೇರಿದವರು, ಪಟ್ಟಿ ಸಿದ್ಧವಾಗುವ ಮುನ್ನವೇ ವರ್ಗಾವಣೆಗೊಂಡವರು ಅಥವಾ ನಿವೃತ್ತರಾದವರು ಕೂಡ ಹೀಗೆಯೇ ಬಿಟ್ಟುಹೋಗುತ್ತಾರೆ.

ಕನ್ನಡಿಗ ಯೋಧರ ವಿಷಯದಲ್ಲಿ ಇನ್ನೊಂದು ತೊಡಕು ಹೆಸರಿನದು. ಶಾಲಾ ದಾಖಲೆಯಲ್ಲಿ ಊರಿನ ಹೆಸರೂ ತಂದೆಯ ಹೆಸರೂ ಮೊದಲಕ್ಷರಗಳಾಗಿ ಇರುತ್ತವೆ. ಸೇನೆಯಲ್ಲಿ ಅವೇ ಪೂರ್ಣ ಹೆಸರಾಗಿ ವಿಸ್ತರಿಸಲ್ಪಡುತ್ತವೆ. 'ಗೌಡ' ಎಂಬ ಒಂದೇ ಹೆಸರನ್ನು ಇಂಗ್ಲಿಷಿನಲ್ಲಿ ಎರಡು ಮೂರು ಬಗೆಯಲ್ಲಿ ಬರೆಯಲಾಗುತ್ತದೆ. ಪದಕದ ಪಟ್ಟಿಯಲ್ಲಿ ಒಂದು ಕಾಗುಣಿತ, ಪಿಂಚಣಿ ಪತ್ರದಲ್ಲಿ ಇನ್ನೊಂದು, ಆಧಾರ್ ಚೀಟಿಯಲ್ಲಿ ಮತ್ತೊಂದು ಇದ್ದಾಗ ಅವು ಒಬ್ಬನೇ ವ್ಯಕ್ತಿಗೆ ಸೇರಿದವೆಂದು ಸಾಬೀತುಪಡಿಸಬೇಕಾಗುತ್ತದೆ. ಇಂತಹ ಸಂದರ್ಭದಲ್ಲಿ ಸೇನಾ ಸಂಖ್ಯೆಯೇ ನಿಜವಾದ ಗುರುತು. ಪ್ರತಿಯೊಂದು ಪತ್ರದಲ್ಲಿಯೂ ಅದನ್ನು ತಪ್ಪದೆ ಬರೆಯಬೇಕು.

ಯಾವ ಸೇವೆಗೆ ಯಾವ ಪದಕ?

ತಮಗೆ ಯಾವ ಪದಕ ಸಲ್ಲಬೇಕಾಗಿತ್ತು ಎಂಬ ಅರಿವು ಅರ್ಜಿದಾರರಿಗೆ ಇರಬೇಕು. 1965ರ ಯುದ್ಧದಲ್ಲಿ ಕಾರ್ಯಾಚರಣೆಯ ಪ್ರದೇಶದಲ್ಲಿ ಸೇವೆ ಸಲ್ಲಿಸಿದವರಿಗೆ ಸಮರ ಸೇವಾ ಸ್ಟಾರ್ ಮತ್ತು ಆ ಕಾಲದಲ್ಲಿ ಸೇನೆಯಲ್ಲಿದ್ದ ಅರ್ಹರಿಗೆ ರಕ್ಷಾ ಪದಕ ನೀಡಲಾಯಿತು. 1971ರ ಯುದ್ಧದಲ್ಲಿ ಪೂರ್ವರಂಗದಲ್ಲಿ ಸೇವೆ ಸಲ್ಲಿಸಿದವರಿಗೆ ಪೂರ್ವಿ ಸ್ಟಾರ್, ಪಶ್ಚಿಮರಂಗದವರಿಗೆ ಪಶ್ಚಿಮಿ ಸ್ಟಾರ್ ಸಂದವು. ಇನ್ನೂ ವ್ಯಾಪಕವಾಗಿ ಸಂಗ್ರಾಮ ಪದಕ ನೀಡಲಾಯಿತು. 1999ರ ಕಾರ್ಗಿಲ್ ಹೋರಾಟಕ್ಕೆ ಆಪರೇಷನ್ ವಿಜಯ್ ಸ್ಟಾರ್ ಮತ್ತು ಆಪರೇಷನ್ ವಿಜಯ್ ಪದಕಗಳಿವೆ. 2001-02ರ ಸೈನ್ಯ ಜಮಾವಣೆಗೆ ಆಪರೇಷನ್ ಪರಾಕ್ರಮ್ ಪದಕವಿದೆ. ಸಿಯಾಚಿನ್ ಹಿಮನದಿಯ ಸೇವೆಗೆ, ಎತ್ತರದ ಪರ್ವತ ಪ್ರದೇಶದ ಸೇವೆಗೆ, ವಿದೇಶ ಸೇವೆಗೆ ಹಾಗೂ ಶತ್ರುವಿನಿಂದ ಗಾಯಗೊಂಡವರಿಗೆ ಪ್ರತ್ಯೇಕ ಪದಕಗಳಿವೆ.

ಇವು ನಿಗದಿತ ಸ್ಥಳದಲ್ಲಿ ನಿಗದಿತ ಕಾಲ ಸೇವೆ ಸಲ್ಲಿಸಿದ ಎಲ್ಲರಿಗೂ ಸಲ್ಲುವಂತಹವು. ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರ, ಅಶೋಕ ಚಕ್ರ, ಕೀರ್ತಿ ಚಕ್ರ, ಶೌರ್ಯ ಚಕ್ರ ಮುಂತಾದ ಶೌರ್ಯ ಪ್ರಶಸ್ತಿಗಳು ಬೇರೆಯೇ ವರ್ಗಕ್ಕೆ ಸೇರಿವೆ. ಇವುಗಳನ್ನು ರಾಷ್ಟ್ರಪತಿಯವರು ಪ್ರದಾನ ಮಾಡುತ್ತಾರೆ ಮತ್ತು ಭಾರತದ ರಾಜಪತ್ರದಲ್ಲಿ ಪ್ರಕಟಿಸಲಾಗುತ್ತದೆ.

ತಿದ್ದಬಹುದಾದದ್ದು ಮತ್ತು ತಿದ್ದಲಾಗದ್ದು

ಈ ವ್ಯತ್ಯಾಸವನ್ನು ತಿಳಿಯದೆ ಸಲ್ಲಿಸಿದ ಅರ್ಜಿಗಳು ನಿಷ್ಫಲವಾಗುತ್ತವೆ. ಸಲ್ಲಿಸಿದ ಸೇವೆ ನಮೂದಾಗಿಲ್ಲದಿದ್ದರೆ, ರಾಜಪತ್ರದಲ್ಲಿ ಪ್ರಕಟವಾದ ಪ್ರಶಸ್ತಿ ಪುಸ್ತಕದಲ್ಲಿ ಇಲ್ಲದಿದ್ದರೆ, ಅರ್ಹತೆಯಿದ್ದೂ ಸೇವಾ ಪದಕ ದೊರೆಯದಿದ್ದರೆ ತಿದ್ದುಪಡಿ ಕೇಳಬಹುದು. ಆದರೆ ಆ ಕಾಲದಲ್ಲಿ ಶಿಫಾರಸಾಗಿಯೂ ಮಂಜೂರಾಗದ ಶೌರ್ಯ ಪ್ರಶಸ್ತಿಯನ್ನು ದಾಖಲೆ ತಿದ್ದುಪಡಿಯ ಮೂಲಕ ಪಡೆಯಲಾಗುವುದಿಲ್ಲ. ರೆಕಾರ್ಡ್ ಕಚೇರಿಯು ನಡೆದುದನ್ನು ದಾಖಲಿಸುವ ಕಚೇರಿಯೇ ಹೊರತು ಪ್ರಶಸ್ತಿ ನೀಡುವ ಕಚೇರಿಯಲ್ಲ. ಅಂತೆಯೇ, ಪದಕ ಕಳೆದುಹೋಗುವುದು ಬೇರೆ, ಪದಕದ ನಮೂದು ಇಲ್ಲದಿರುವುದು ಬೇರೆ. ನಮೂದು ಇದ್ದು ಪದಕ ಕಳೆದಿದ್ದರೆ ಬದಲಿ ಪದಕಕ್ಕೆ ಅರ್ಜಿ ಸಲ್ಲಿಸಬೇಕು.

ಪುರಾವೆಗಳು

ಸ್ವಂತ ನೆನಪು ಎಷ್ಟೇ ನಿಖರವಾಗಿದ್ದರೂ ಅದೊಂದರಿಂದಲೇ ದಾಖಲೆ ಬದಲಾಗುವುದಿಲ್ಲ. ಘಟನೆ ನಡೆದ ಕಾಲದಲ್ಲಿಯೇ ಸಿದ್ಧವಾದ ಪತ್ರಗಳಿಗೆ ಹೆಚ್ಚಿನ ಬೆಲೆಯಿರುತ್ತದೆ. ಪ್ರಯಾಣದ ಆದೇಶ, ತಾತ್ಕಾಲಿಕ ನಿಯೋಜನೆಯ ಪಾರ್ಟ್ ಟೂ ಆರ್ಡರ್, ಸೇನಾ ಆಸ್ಪತ್ರೆಯ ದಾಖಲಾತಿ ಮತ್ತು ಬಿಡುಗಡೆಯ ಪತ್ರ, ವೈದ್ಯಕೀಯ ಮಂಡಳಿಯ ವರದಿ ಇವು ಮುಖ್ಯವಾದವು. ಅನೇಕರು ಗಮನಿಸದ ಇನ್ನೊಂದು ಪುರಾವೆಯೆಂದರೆ ವೇತನದ ಲೆಕ್ಕ. ಯುದ್ಧಪ್ರದೇಶದಲ್ಲಿ ಅಥವಾ ಎತ್ತರದ ಪ್ರದೇಶದಲ್ಲಿ ಇದ್ದ ಅವಧಿಗೆ ವಿಶೇಷ ಭತ್ಯೆ ಪಾವತಿಯಾಗಿದ್ದರೆ, ಯೋಧನು ಅಲ್ಲಿ ಇದ್ದನೆಂಬುದನ್ನು ಸರ್ಕಾರದ ಲೆಕ್ಕಪತ್ರವೇ ಹೇಳುತ್ತದೆ.

ಘಟಕಗಳು ಕಾರ್ಯಾಚರಣೆಯ ಕಾಲದಲ್ಲಿ ಬರೆಯುವ ಯುದ್ಧ ದಿನಚರಿಗಳೂ ಉಪಯುಕ್ತವಾದವು. ರಕ್ಷಣಾ ಸಚಿವಾಲಯವು 2021ರಲ್ಲಿ ಪ್ರಕಟಿಸಿದ ನೀತಿಯ ಪ್ರಕಾರ ಇಂತಹ ದಾಖಲೆಗಳನ್ನು ಸಚಿವಾಲಯದ ಇತಿಹಾಸ ವಿಭಾಗಕ್ಕೆ ಒಪ್ಪಿಸಬೇಕು. ಸಾಮಾನ್ಯವಾಗಿ 25 ವರ್ಷಗಳಲ್ಲಿ ಅವುಗಳ ಗೋಪ್ಯತೆಯನ್ನು ತೆರವುಗೊಳಿಸಬೇಕು. ಜೊತೆಯಲ್ಲಿ ಸೇವೆ ಸಲ್ಲಿಸಿದ ಅಧಿಕಾರಿಗಳ ಹಾಗೂ ಸಹಯೋಧರ ಪ್ರಮಾಣಪತ್ರಗಳು ಪೂರಕ ಪುರಾವೆಯಾಗಬಲ್ಲವು. ಆ ಸಾಕ್ಷಿಗಳ ಸೇನಾ ಸಂಖ್ಯೆ ಮತ್ತು ಅವಧಿಯ ವಿವರಗಳು ಅದರಲ್ಲಿರಬೇಕು.

ಅರ್ಜಿಯ ಕ್ರಮ

ಮೊದಲು ಡಿಸ್ಚಾರ್ಜ್ ಪುಸ್ತಕ ಮತ್ತು ಪಿಂಚಣಿ ಪಾವತಿ ಆದೇಶ ಎರಡನ್ನೂ ಸಾಲುಸಾಲಾಗಿ ಓದಿ ಲೋಪವನ್ನು ಗುರುತಿಸಬೇಕು. ಬಳಿಕ ರೆಕಾರ್ಡ್ ಕಚೇರಿಯ ಮುಖ್ಯಸ್ಥರಿಗೆ ಅರ್ಜಿ ಬರೆಯಬೇಕು. ಅರ್ಜಿಯಲ್ಲಿ ಸೇನಾ ಸಂಖ್ಯೆ, ದರ್ಜೆ, ಹೆಸರು, ಘಟಕ, ಭರ್ತಿ ಮತ್ತು ನಿವೃತ್ತಿಯ ದಿನಾಂಕ, ಈಗಿರುವ ನಮೂದು, ಇರಬೇಕಾದ ನಮೂದು ಮತ್ತು ಅದಕ್ಕಿರುವ ಪುರಾವೆ ಇವಿಷ್ಟನ್ನು ಸ್ಪಷ್ಟವಾಗಿ ತಿಳಿಸಿದರೆ ಸಾಕು. ಮೂಲ ಪುಸ್ತಕವನ್ನು ಕಚೇರಿಯು ಕೇಳದ ಹೊರತು ಕಳುಹಿಸಬಾರದು. ದೃಢೀಕೃತ ಪ್ರತಿಗಳನ್ನು ಲಗತ್ತಿಸಿ, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಅಥವಾ ಅಂಚೆ ರಸೀದಿ ದೊರೆಯುವಂತೆ ಕಳುಹಿಸಿ ಒಂದು ಪ್ರತಿಯನ್ನು ಇಟ್ಟುಕೊಳ್ಳಬೇಕು. ಈ ಕೆಲಸಕ್ಕಾಗಿ ಮಧ್ಯವರ್ತಿಗಳಿಗೆ ಹಣ ನೀಡುವ ಅಗತ್ಯವಿಲ್ಲ.

ತನ್ನ ದಾಖಲೆಯಲ್ಲಿ ಏನಿದೆ ಎಂಬುದೇ ತಿಳಿಯದಿದ್ದಲ್ಲಿ, 2005ರ ಮಾಹಿತಿ ಹಕ್ಕು ಅಧಿನಿಯಮದ ಅಡಿಯಲ್ಲಿ 10 ರೂಪಾಯಿ ಶುಲ್ಕ ಪಾವತಿಸಿ ಶೀಟ್ ರೋಲ್‌ನ ಪ್ರತಿಯನ್ನು ಕೇಳಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡಬೇಕೆಂದು ಕಾನೂನು ವಿಧಿಸಿದೆ.

ದಾಖಲೆ ತಿದ್ದಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಹಣದ ಸೌಲಭ್ಯ ಸೇರಿದ್ದರೆ ಪಿಂಚಣಿ ಪಾವತಿ ಆದೇಶಕ್ಕೂ ತಿದ್ದುಪಡಿ ಹೊರಡಬೇಕು. ಸೇನೆಯ ಪಿಂಚಣಿದಾರರ ವಿಷಯದಲ್ಲಿ ಇದು ಪ್ರಯಾಗರಾಜ್‌ನಲ್ಲಿರುವ ರಕ್ಷಣಾ ಲೆಕ್ಕಪತ್ರ ಇಲಾಖೆಯ ಪಿಂಚಣಿ ಕಚೇರಿಯಿಂದ ಆಗುತ್ತದೆ. 'ಸ್ಪರ್ಶ್' ಎಂಬ ಗಣಕೀಕೃತ ಪಿಂಚಣಿ ವ್ಯವಸ್ಥೆಯಲ್ಲಿ ಅದು ಸರಿಯಾಗಿ ಕಾಣಿಸುತ್ತಿದೆಯೇ ಎಂದು ಕೊನೆಯಲ್ಲಿ ಪರಿಶೀಲಿಸಬೇಕು.

ಉತ್ತರ ಬಾರದಿದ್ದಲ್ಲಿ

ಅರ್ಜಿಗೆ ಉತ್ತರ ಬಾರದಿದ್ದರೆ ಜ್ಞಾಪನ ಪತ್ರ ಬರೆಯಬಹುದು. ಕೇಂದ್ರ ಸರ್ಕಾರದ ಸಾರ್ವಜನಿಕ ಕುಂದುಕೊರತೆ ವ್ಯವಸ್ಥೆಯಲ್ಲಿ ದೂರು ದಾಖಲಿಸಬಹುದು. ಇವು ಫಲಿಸದಿದ್ದಲ್ಲಿ 2007ರ ಅಧಿನಿಯಮದ ಅನ್ವಯ ಸ್ಥಾಪಿತವಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. ಇದರ ಪ್ರಧಾನ ಪೀಠ ದೆಹಲಿಯಲ್ಲಿದ್ದು, ಮುಂಬಯಿ, ಚೆನ್ನೈ, ಕೊಚ್ಚಿ ಮುಂತಾದೆಡೆ ಪ್ರಾದೇಶಿಕ ಪೀಠಗಳಿವೆ. ಮೊದಲು ಇಲಾಖೆಗೆ ಮನವಿ ಸಲ್ಲಿಸಿರಬೇಕು ಎಂಬುದು ನಿಯಮ. ಮನವಿ ಸಲ್ಲಿಸಿ 6 ತಿಂಗಳು ಕಳೆದರೂ ಆದೇಶ ಹೊರಡದಿದ್ದರೆ ನ್ಯಾಯಮಂಡಳಿಗೆ ಹೋಗಬಹುದು; ಅಂತಿಮ ಆದೇಶ ಹೊರಟಿದ್ದರೆ ಅಲ್ಲಿಂದ 6 ತಿಂಗಳೊಳಗೆ ಹೋಗಬೇಕು. ಅಂಚೆ ರಸೀದಿಯನ್ನು ಜೋಪಾನವಾಗಿಡಬೇಕೆಂದು ಹೇಳುವುದು ಇದಕ್ಕಾಗಿಯೇ.

ವಿಳಂಬದ ಬೆಲೆ

ಸೇವಾ ದಾಖಲೆಗಳನ್ನು ಶಾಶ್ವತವಾಗಿ ಇಡಲಾಗುವುದಿಲ್ಲ. ಸೇನೆಯ ನಿಯಮಾವಳಿಯಂತೆ, ಪಿಂಚಣಿಯಿಲ್ಲದೆ ನಿವೃತ್ತರಾದ ಯೋಧರ ದಾಖಲೆಗಳನ್ನು ಸಾಮಾನ್ಯವಾಗಿ 25 ವರ್ಷಗಳ ನಂತರ, ಪಿಂಚಣಿದಾರರವನ್ನು 50 ವರ್ಷಗಳ ನಂತರ ನಾಶಪಡಿಸಲಾಗುತ್ತದೆ. ಆ ಬಳಿಕ ಸಂಕ್ಷಿಪ್ತ ವಿವರಗಳುಳ್ಳ 'ಲಾಂಗ್ ರೋಲ್' ಮಾತ್ರ ಉಳಿಯಬಹುದು. 1971ರ ಯುದ್ಧದಲ್ಲಿ ಭಾಗವಹಿಸಿ ಕೆಲವೇ ವರ್ಷಗಳಲ್ಲಿ ನಿವೃತ್ತರಾದವರ ವಿಷಯದಲ್ಲಿ ಈ ಅವಧಿ ಈಗಾಗಲೇ ಮುಗಿದಿದೆ. ಅವರ ಮನೆಯ ಪೆಟ್ಟಿಗೆಯಲ್ಲಿರುವ ಕಾಗದವೇ ಉಳಿದಿರುವ ಏಕೈಕ ಪುರಾವೆಯಾಗಿರಬಹುದು.

ಹಣದ ದೃಷ್ಟಿಯಿಂದಲೂ ವಿಳಂಬ ನಷ್ಟಕರ. ಅಂಗವೈಕಲ್ಯ ಪಿಂಚಣಿಯ ಬಾಕಿಯನ್ನು ತಡವಾಗಿ ಕೇಳಿದ ಪ್ರಕರಣವೊಂದರಲ್ಲಿ, ಅರ್ಜಿ ಸಲ್ಲಿಸಿದ ದಿನಕ್ಕೆ ಹಿಂದಿನ 3 ವರ್ಷಗಳ ಬಾಕಿ ಮಾತ್ರ ಸಲ್ಲುತ್ತದೆಂದು ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ತೀರ್ಪು ನೀಡಿತು. 2017ರ ಆಗಸ್ಟ್ 1ರಿಂದ ವೀರ ಚಕ್ರಕ್ಕೆ ತಿಂಗಳಿಗೆ 7,000 ರೂಪಾಯಿ, ಶೌರ್ಯಕ್ಕಾಗಿ ನೀಡುವ ಸೇನಾ ಪದಕಕ್ಕೆ 2,000 ರೂಪಾಯಿ ಭತ್ಯೆ ನಿಗದಿಯಾಯಿತು. ಪುರಸ್ಕೃತನ ನಂತರ ಇದು ಅವನ ಪತ್ನಿಗೂ ಸಲ್ಲುತ್ತದೆ. ಪದಕದ ನಮೂದು ಇಲ್ಲದಿದ್ದರೆ ಈ ಹಕ್ಕನ್ನು ಸ್ಥಾಪಿಸುವುದು ಆಕೆಗೆ ಕಷ್ಟವಾಗುತ್ತದೆ.

ಗಾಯದ ನಮೂದು ಇನ್ನೂ ಗುರುತರವಾದುದು. ಯುದ್ಧದಲ್ಲಿ ಮಡಿದ ಯೋಧನ ಪತ್ನಿಗೆ ಅವನ ಕೊನೆಯ ವೇತನಕ್ಕೆ ಸಮನಾದ ಉದಾರ ಕುಟುಂಬ ಪಿಂಚಣಿ ದೊರೆಯುತ್ತದೆ. ಸೇವಾಕಾಲದ ಅಪಘಾತವೆಂದು ನಮೂದಾಗಿದ್ದರೆ ಅದು ಶೇಕಡ 60ಕ್ಕೆ ಇಳಿಯುತ್ತದೆ. ಒಂದು ಪದದ ವ್ಯತ್ಯಾಸವು ಒಂದು ಕುಟುಂಬದ ಜೀವನಮಟ್ಟವನ್ನೇ ನಿರ್ಧರಿಸುತ್ತದೆ.

ಯುದ್ಧಭೂಮಿಯಲ್ಲಿ ಏನು ನಡೆಯಿತು ಎಂಬುದನ್ನು ಯೋಧನು ಬಲ್ಲ, ಅವನ ಸಂಗಾತಿಗಳು ಬಲ್ಲರು. ಪರವೂರಿನಲ್ಲಿ ಒಬ್ಬಳೇ ಸೈನಿಕ ಕಲ್ಯಾಣ ಕಚೇರಿಯ ಮುಂದೆ ನಿಲ್ಲಬೇಕಾಗುವ ಅವನ ಪತ್ನಿಗೆ ಅದು ತಿಳಿದಿರುವುದಿಲ್ಲ. ಆದುದರಿಂದ ಮಾಜಿ ಸೈನಿಕರು ತಮ್ಮ ಡಿಸ್ಚಾರ್ಜ್ ಪುಸ್ತಕವನ್ನು ಇಂದೇ ಹೊರತೆಗೆದು ಓದಬೇಕು, ಮನೆಯವರಿಗೂ ಓದಿ ಹೇಳಬೇಕು. ಬಿಟ್ಟುಹೋದ ಸಾಲುಗಳಿದ್ದರೆ ಅವುಗಳನ್ನು ಬರೆಯಿಸಿಕೊಳ್ಳುವುದು ಅವರ ಹಕ್ಕು. ಕುಟುಂಬದ ಬಗ್ಗೆ ಅವರಿಗಿರುವ ಕರ್ತವ್ಯವೂ ಹೌದು.