ಮಾಳಿಗೆಯ ಕೋತಿಯೂ ಅದರ ಬಳಗವೂ

ಮಾಳಿಗೆಯ ಮೇಲೆ ಹಪ್ಪಳವನ್ನು ಒಣಹಾಕಿ ಕಾದು ಕುಳಿತ ತಾಯಂದಿರಿಗೆ ಕೋತಿಯನ್ನು ಪರಿಚಯ ಮಾಡಿಕೊಡಬೇಕಾದುದಿಲ್ಲ. ಆದರೆ ಅದರ ಬಳಗವಾವುದೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸಲು ಇಚ್ಛಿಸುತ್ತೇವೆ.

ಮರಿಗಳಿಗೆ ಹಾಲುಣಿಸುವ ಪ್ರಾಣಿಗಳಿಗೆ ಸಸ್ತನಿಗಳೆಂದು ಹೆಸರು. ಸ್ವೀಡನ್ ದೇಶದ ಲಿನೇಯಸ್ ಪಂಡಿತನು 1758ರಲ್ಲಿ ಇವುಗಳಲ್ಲೊಂದು ಗಣವನ್ನು 'ಪ್ರೈಮೇಟ್ಸ್', ಎಂದರೆ ಅಗ್ರಗಣ್ಯರು, ಎಂದು ಕರೆದು, ಮನುಷ್ಯನನ್ನೂ ಕೋತಿಯನ್ನೂ ಅದರಲ್ಲಿಯೇ ಸೇರಿಸಿದನು. ಬಾವಲಿಯನ್ನೂ ಅವನು ಅದೇ ಪಂಕ್ತಿಯಲ್ಲಿ ಕುಳ್ಳಿರಿಸಿದ್ದನು! ಮುಂದಿನವರು ಅದನ್ನು ಎಬ್ಬಿಸಿ ಬೇರೆ ಗಣಕ್ಕೆ ಕಳುಹಿಸಿದರು.

ಈ ಗಣದ ಗುರುತು ಬಾಲದಲ್ಲಿಲ್ಲ. ಕೈಯಲ್ಲಿಯೂ ಕಣ್ಣಿನಲ್ಲಿಯೂ ಇದೆ. ಅಳಿಲು ಮುಂಗಾಲುಗಳಲ್ಲಿ ಕಾಯಿಯನ್ನು ಹಿಡಿದು ತಿನ್ನುವುದಾದರೂ ಅದರ ಉಗುರುಗಳು ಮೊನಚು, ಕಣ್ಣುಗಳು ಪಕ್ಕಕ್ಕೆ. ಕೋತಿಯ ಉಗುರುಗಳಾದರೋ ನಮ್ಮವುಗಳಂತೆ ಚಪ್ಪಟೆ. ಎರಡು ಕಣ್ಣುಗಳೂ ಮುಂದಕ್ಕೆ ನೋಡುವುದರಿಂದ ಕೊಂಬೆಯ ದೂರವನ್ನು ಅಳೆದು ನೆಗೆಯಬಲ್ಲದು. ತುಮಕೂರು ಸೀಮೆಯ ಕಾಡುಪಾಪವು ಕೋತಿಯನ್ನು ಹೋಲದು, ಅದಕ್ಕೆ ಬಾಲವೂ ಕಾಣದು. ಆದರೂ ಅದು ಇದೇ ಗಣದ್ದು. ಅದರ ಹಿಂಗಾಲಿನ ಎರಡನೆಯ ಬೆರಳಿಗೆ ಮಾತ್ರ ಮೈ ಬಾಚಿಕೊಳ್ಳುವುದಕ್ಕಾಗಿ ಮೊನಚಾದ ಉಗುರುಂಟು. ಮರಿಯು ಬಹುಕಾಲ ತಾಯಿಯನ್ನು ಆಶ್ರಯಿಸಿ ಬೆಳೆಯುವುದೂ ಈ ಗಣದ ಲಕ್ಷಣವೇ.

ಕರಿಯ ಮುಖದ ಮುಸುವವು ಕೋತಿಯ ದಾಯಾದಿ. ಅದಕ್ಕೆ ಹಲವು ಕೋಣೆಗಳ ಹೊಟ್ಟೆಯಿರುವುದರಿಂದ ಎಲೆಗಳನ್ನು ತಿಂದು ಅರಗಿಸಿಕೊಳ್ಳುತ್ತದೆ. ಕೋತಿಗೆ ಅಂಥ ಹೊಟ್ಟೆಯಿಲ್ಲ, ಕೆನ್ನೆಯೊಳಗೆ ಚೀಲಗಳಿವೆ. ಕದ್ದ ಶೇಂಗಾವನ್ನು ಅವುಗಳಲ್ಲಿ ತುಂಬಿಕೊಂಡು ಓಡುವುದನ್ನು ಯಾರು ನೋಡಿಲ್ಲ?

ಇಷ್ಟು ಪರಿಚಿತವಾದ ಪ್ರಾಣಿಯು ಎಲ್ಲೆಲ್ಲಿಯೂ ಇರಬಹುದೆಂದು ನಾವೂ ತಿಳಿದಿದ್ದೆವು. ಹಾಗಲ್ಲ. ತಲೆಯ ಮೇಲೆ ಕೂದಲಿನ ಟೊಪ್ಪಿಗೆಯನ್ನು ಧರಿಸಿದಂತಿರುವ ನಮ್ಮ ಈ ಕೋತಿಯು ಭಾರತದ ದಕ್ಷಿಣ ಭಾಗವನ್ನು ಬಿಟ್ಟು ಲೋಕದಲ್ಲಿ ಮತ್ತೆಲ್ಲಿಯೂ ಸ್ವಾಭಾವಿಕವಾಗಿ ವಾಸಿಸುವುದಿಲ್ಲ. ಉತ್ತರದ್ದು ಬೇರೊಂದು ಜಾತಿ. ಅದರ ಬಾಲ ಗಿಡ್ಡ, ಹಿಂಭಾಗ ಕೆಂಚು. ಪೂರ್ವಭಾಗದಲ್ಲಿ ಗೋದಾವರಿಯನ್ನು ಇವೆರಡರ ಗಡಿಯೆಂದು ಬಗೆಯುತ್ತಿದ್ದರು. ಉತ್ತರದ ಜಾತಿಯು ಆ ಗಡಿಯನ್ನು ದಾಟಿ ದಕ್ಷಿಣಕ್ಕೆ ಹಬ್ಬುತ್ತ, ನಮ್ಮದರ ನೆಲೆಯನ್ನು ಕಸಿದುಕೊಳ್ಳುತ್ತಿದೆಯೆಂದು ಪ್ರಾಣಿಶಾಸ್ತ್ರಜ್ಞರು 2011ರಲ್ಲಿ ಪ್ರಕಟಿಸಿದರು. ಉಪದ್ರವ ತಾಳದೆ ಜನರು ಒಂದೂರಿನ ಕೋತಿಗಳನ್ನು ಹಿಡಿದು ಇನ್ನೊಂದೆಡೆ ಬಿಡುವುದೂ ಇದಕ್ಕೆ ಸಹಾಯವಾಗಿದೆ.

ನಮ್ಮ ಬೀದರ ಸೀಮೆಯ ಮಾಂಜ್ರಾ ನದಿಯು ಆ ಗೋದಾವರಿಯನ್ನೇ ಸೇರತಕ್ಕದ್ದು, ಗಡಿಯು ದೂರವಿಲ್ಲ. ಭಾಲ್ಕಿ, ಔರಾದ, ಡಾಬಕಾಗಳ ಕಡೆಯ ಸೋದರಿಯರು ಇನ್ನು ಮುಂದೆ ಕೋತಿಯನ್ನು ಓಡಿಸುವ ಮೊದಲು ಅದರ ಬಾಲವನ್ನು ನೋಡಲಿ. ದೇಹದಷ್ಟೇ ಉದ್ದವಾಗಿದ್ದರೆ ಅದು ನಮ್ಮದು.